ಮುಂಬಯಿಯ ಬಂದರಿನಿಂದ ಮಹಾಯುದ್ಧವನ್ನು ಕಲಿಸುವ ಬಗೆ

ಎರಡನೆಯ ಮಹಾಯುದ್ಧದ ಕಾರಣ ಹಾಗೂ ಪರಿಣಾಮಗಳನ್ನು ಮುಂಬಯಿಯ ಕನ್ನಡ ಮಕ್ಕಳಿಗೆ ಹೇಳಿಕೊಡುವವರು ಯುರೋಪಿನ ನಕ್ಷೆಯನ್ನು ಬಿಡಿಸುವ ಮೊದಲು ವಿಕ್ಟೋರಿಯಾ ಡಾಕ್‌ನಿಂದ ಆರಂಭಿಸುವುದು ಒಳ್ಳೆಯದು. 1944ರ ಏಪ್ರಿಲ್ 14ರಂದು ಅಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಹತ್ತಿಯ ಬೇಲುಗಳೂ ಸಿಡಿಮದ್ದೂ ಚಿನ್ನದ ಗಟ್ಟಿಗಳೂ ಒಟ್ಟಿಗೇ ಇದ್ದವು (ಅಂಥ ಜೋಡಣೆಯನ್ನು ಯುದ್ಧದ ಅವಸರವಷ್ಟೇ ಒಪ್ಪೀತು). ಹತ್ತಿಗೆ ಹತ್ತಿದ ಬೆಂಕಿ ಸಂಜೆ ನಾಲ್ಕರ ಸುಮಾರಿಗೆ ಮದ್ದನ್ನು ಮುಟ್ಟಿ ಹಡಗು ಸಿಡಿದಾಗ, ಬೆಂಕಿ ಆರಿಸಲು ಬಂದಿದ್ದ 66 ಅಗ್ನಿಶಾಮಕ ಸಿಬ್ಬಂದಿಯೂ ಸೇರಿ ನೂರಾರು ಜನ ಸತ್ತರು.

ಆ ಮದ್ದು ಇಲ್ಲಿಗೇಕೆ ಬಂತು ಎಂದು ಮಕ್ಕಳಿಂದಲೇ ಕೇಳಿಸಿ, ಅಲ್ಲಿಂದ ಹಿಂದಕ್ಕೆ ನಡೆಸಬೇಕು: 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ನಮ್ಮ ನಾಯಕರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಎಳೆದದ್ದು, ಎರಡು ದಿನ ಮೊದಲು ಜರ್ಮನಿ ಪೋಲೆಂಡಿಗೆ ನುಗ್ಗಿದ್ದು, 1929ರ ಆರ್ಥಿಕ ಕುಸಿತ, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ 1919ರ ವರ್ಸೇಲ್ಸ್ ಒಪ್ಪಂದ. ವರ್ಸೇಲ್ಸ್ ಒಂದನ್ನೇ ಕಾರಣವೆಂದು ಬರೆಸಬಾರದು. ಪರೀಕ್ಷೆಗೆ ಅದು ಸಲೀಸು, ಆದರೆ 1937ರಲ್ಲೇ ಜಪಾನ್ ಚೀನಾದ ಮೇಲೆ ಏರಿಹೋದದ್ದನ್ನು ಅದು ವಿವರಿಸುವುದಿಲ್ಲ.

ಪರಿಣಾಮಗಳಲ್ಲಿ 1945ರ ವಿಶ್ವಸಂಸ್ಥೆಯನ್ನು ಒಂದು ಮಾತಿನಲ್ಲಿ ಮುಗಿಸಿ, 1943ರ ಬಂಗಾಳದ ಬರಗಾಲಕ್ಕೂ, 1946ರ ಫೆಬ್ರವರಿಯಲ್ಲಿ ಇದೇ ಮುಂಬಯಿಯ ತಲ್ವಾರ್ ನೌಕಾ ತರಬೇತಿ ಕೇಂದ್ರದಲ್ಲಿ ನಾವಿಕರು ಹೂಡಿದ ಮುಷ್ಕರಕ್ಕೂ ಹೆಚ್ಚು ಸಮಯ ಕೊಡಿ.