ಕೆಂಪುಕಲ್ಲು ಹೊರುವ ಪಿಕಪ್ಪಿನಲ್ಲಿ ಏನೇನು ನೋಡಬೇಕು?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಕೆಂಪುಕಲ್ಲು, ಅಡಿಕೆ ಸಾಗಿಸುವ ಪಿಕಪ್ಪಿಗೆ ಮೊದಲು ಪೆಟ್ಟು ಬೀಳುವುದು ಹಿಂದಿನ ಪ್ಲೇಟಿಗೆ, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಮಾಡಿದ, ಭಾರ ಹೊರುವ ಸ್ಪ್ರಿಂಗಿಗೆ. ಹಳೆ ಗಾಡಿ ಕೊಳ್ಳುವವರು ಎಂಜಿನ್ ಬಗ್ಗೆ ಮಾತ್ರ ಕೇಳುತ್ತಾರೆ. ನನಗೆ ಅದೇ ಬೇಸರ.

ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನಿಂದ ನೋಡಿ. ಒಂದು ಬದಿ ವಾಲಿದ್ದರೆ ಪ್ಲೇಟಿನ ಎಲೆ (ಒಂದೊಂದು ಪಟ್ಟಿ) ಮುರಿದಿರಬಹುದು, ಇಲ್ಲವೇ ಸೋತಿರಬಹುದು. ಟಾರ್ಚ್ ಹಿಡಿದು, ಪ್ಲೇಟನ್ನು ಆಕ್ಸಲ್ಲಿಗೆ (ಚಕ್ರಗಳ ನಡುವಿನ ಅಚ್ಚಿಗೆ) ಬಿಗಿಯುವ ಯೂ ಬೋಲ್ಟಿನ ಸುತ್ತ ಬಿರುಕು ಹುಡುಕಿ. ಯೂ ಬೋಲ್ಟ್ ಸಡಿಲವಾದರೆ ಎಲೆಗಳನ್ನು ಸೇರಿಸುವ ನಡುವಿನ ಬೋಲ್ಟ್ ತುಂಡಾಗಬಹುದು. ಆಗ ಆಕ್ಸಲ್ ಜಾಗ ಬಿಟ್ಟು ಸರಿದು, ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಹೊಸ ಪ್ಲೇಟ್ ಹಾಕಿಸಿದರೆ ಕೆಲವು ಲೋಡ್ ಆದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿಸಲೇಬೇಕು.

ಒಂದು ಎಲೆ ಜಾಸ್ತಿ ಹಾಕಿಸಿ ಕಲ್ಲು ಜಾಸ್ತಿ ತುಂಬುವುದು ದಯವಿಟ್ಟು ಬೇಡ. ಬ್ರೇಕು, ಆಕ್ಸಲ್, ಟಯರು ಹಳೆಯವೇ ಅಲ್ವಾ?

ಕೋರೆಯ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ (ಪೆಡಲ್ ಅರ್ಧ ಒತ್ತಿ) ಗಾಡಿ ಹಿಡಿದು ನಿಲ್ಲಿಸಬೇಡಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಕೂಗುತ್ತಿದ್ದರೂ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ತಿಳಿಯಿರಿ.

ರೇಡಿಯೇಟರ್ ನೀರು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಿ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಕೈ, ಮುಖ ಸುಡುತ್ತದೆ. ಬರೀ ನೀರು ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಕೂಲೆಂಟ್ ಬೇಕು.

ಜೂನ್ ಮಳೆಗೆ ಮುಂಚೆ ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನಿಂತ ನೀರು ಬಿಡಿಸಿ. ತೋಡಿನ ನೀರು ದಾಟಿ ಬಂದ ಮೇಲೆ ಕ್ರಾಸ್ ಜಾಯಿಂಟಿಗೆ (ಎಂಜಿನ್ ಕಡೆಯಿಂದ ಹಿಂದಿನ ಚಕ್ರಕ್ಕೆ ತಿರುಗುವ ಶಾಫ್ಟಿನ ಕೀಲಿಗೆ) ಗ್ರೀಸ್ ಹೊಡೆಸಿ. ಗಾಡಿ ಹೊರಡುವಾಗ ಅಡಿಯಿಂದ ಟಕ್ ಅಂತ ಶಬ್ದ ಬಂದರೆ ಮೊದಲು ಅದನ್ನೇ ಅಲ್ಲಾಡಿಸಿ ನೋಡಿ.