ಬ್ಯಾಟರಿ ದುಡ್ಡಲ್ಲಿ ಟ್ಯೂಬ್‌ಲೈಟ್ ಸಾಗಿಸಿದ್ದು

ಇನ್ನೂರು ಚಿಲ್ಲರೆ ಮನೆಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಯ ಅಪಾಯಕಾರಿ ಕಸವನ್ನು ಬೇರೆಯಾಗಿ ಕೂಡಿಸಿ ಸಾಗಿಸೋದು ನಡೆಯೋದಿಲ್ಲ ಅಂತ ಜನರಲ್ ಬಾಡಿ ಮೀಟಿಂಗಿನಲ್ಲೇ ಹೇಳಿದವರಿದ್ದರು. ಈಗ ಎರಡು ವರ್ಷದಿಂದ ನಡೀತಿದೆ, ಮೇಂಟೆನೆನ್ಸ್‌ಗೆ ಒಂದು ರೂಪಾಯಿ ಹೆಚ್ಚಿಸದೆ. ಹಸಿ ಕಸ, ಒಣ ಕಸ, ಡೈಪರ್‌ನಂಥ ಕಸದ ಕೆಂಪು ಬಕೆಟ್ಟು, ಈ ಪಾಠ ಬೆಂಗಳೂರಿನವರಿಗೆ ಬೇಕಿಲ್ಲ. ನಾನು ಹೇಳ್ತಿರೋದು ಈ ಮೂರಕ್ಕೂ ಸೇರದ ಸಾಮಾನು: ಟ್ಯೂಬ್‌ಲೈಟ್, ಸಿಎಫ್‌ಎಲ್, ಪೇಂಟ್ ಡಬ್ಬ, ಜಿರಳೆ ಸ್ಪ್ರೇ, ಇನ್ಸುಲಿನ್ ಸೂಜಿ.

ಮೊದಲು ಬೇಸ್‌ಮೆಂಟಿನಲ್ಲಿ ದೊಡ್ಡ ಡ್ರಮ್ ಇಟ್ಟೆವು. ಎರಡೂವರೆ ಸಾವಿರದ ಹತ್ತಿರ ಖರ್ಚು. ವಾರದೊಳಗೆ ಅದರಲ್ಲಿ ಹರಿದ ಚಪ್ಪಲಿ, ಡೈಪರ್, ಒಡೆದ ದೇವರ ಫೋಟೋ! ಟ್ಯೂಬ್‌ಲೈಟ್ ಉದ್ದ ಅಂತ ಹೌಸ್‌ಕೀಪಿಂಗ್ ಹುಡುಗರು ಮುರಿದು ತುರುಕುತ್ತಿದ್ದರು. ಒಳಗಿನ ಪಾದರಸದ ಆವಿ ಅವರ ಮೂಗಿಗೇ. ಡ್ರಮ್ ತೆಗೆಸಿದೆವು. ಆಮೇಲೆ ತಿಂಗಳಿಗೊಂದು ಭಾನುವಾರ ಟೇಬಲ್ ಹಾಕಿ ಕೂತೆವು. ಬಂದವರು ಬೆರಳೆಣಿಕೆ, ಅದೂ ಕಮಿಟಿಯವರೇ.

ನಿಜವಾದ ಪೆಟ್ಟು ಸಾಗಣೆಯದು. ಇಂಥ ಕಸ ಒಯ್ಯಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದ ಏಜೆನ್ಸಿಯವರು ಒಂದು ಗಾಡಿಗೆ ಆರು ಸಾವಿರ ಕೇಳಿದರು, ಹತ್ತು ಕೆಜಿ ಇರಲಿ, ಇನ್ನೂರು ಕೆಜಿ ಇರಲಿ. ಖಜಾಂಚಿ ಫೈಲ್ ಮುಚ್ಚಿಬಿಟ್ಟರು.

ದಾರಿ ಸಿಕ್ಕಿದ್ದು ಜನರೇಟರ್ ರೂಮಿನಲ್ಲಿ. ಲಿಫ್ಟ್, ಜನರೇಟರ್, ಮನೆಮನೆಯ ಇನ್ವರ್ಟರ್ ಬ್ಯಾಟರಿಗಳನ್ನೆಲ್ಲ ಅಲ್ಲಿಯವರೆಗೆ ಗುಜರಿಯವನು ಒಯ್ಯುತ್ತಿದ್ದ, ಆಸಿಡ್ಡನ್ನು ಚರಂಡಿಗೆ ಸುರಿದು ಸೀಸ ಇಟ್ಟುಕೊಳ್ಳುತ್ತಿದ್ದ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೆ ಬ್ಯಾಟರಿ ವಾಪಸ್ ಪಡೆದು ರೀಸೈಕಲ್ ಮಾಡಿಸುವ ಹೊಣೆ ತಯಾರಕರ ಮೇಲಿದೆ. ಹಾಗಾಗಿ ನೋಂದಾಯಿತ ರೀಸೈಕ್ಲರಿಗೇ ಕೊಟ್ಟೆವು. ಗುಜರಿಯವನಿಗಿಂತ ಸ್ವಲ್ಪ ಕಮ್ಮಿ, ಆದರೂ ದೊಡ್ಡ ಬ್ಯಾಟರಿಗೆ ಎರಡೂವರೆ ಸಾವಿರದ ಆಸುಪಾಸು ಬಂತು. ಗಾಡಿಯ ಖರ್ಚಿಗೆಂದೇ ಆ ದುಡ್ಡಿಗೆ ಬೇರೆ ಖಾತೆ. ಪಕ್ಕದ ಮೂರು ಅಪಾರ್ಟ್‌ಮೆಂಟ್‌ಗಳನ್ನೂ ಸೇರಿಸಿಕೊಂಡು ವರ್ಷಕ್ಕೆ ಎರಡು ಗಾಡಿ ಅಂತ ಏಜೆನ್ಸಿಯವರ ಹತ್ತಿರ ಮಾತಾಡಿದೆವು. ಕೊನೆಗೆ ಯಾವ ದರಕ್ಕೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಬರೆದರೆ ಮುಂದಿನ ಸಲ ಆ ದರ ಸಿಗೋದಿಲ್ಲ.

ಟ್ಯೂಬ್‌ಲೈಟಿಗೆ ನಾಲ್ಕಿಂಚಿನ ಪಿವಿಸಿ ಪೈಪು, ನಾಲ್ಕೂವರೆ ಅಡಿ ಉದ್ದ, ಎರಡೂ ಕಡೆ ಮುಚ್ಚಳ. ತೆಳ್ಳನೆಯ ಟ್ಯೂಬ್ ಏಳೆಂಟು ಆರಾಮಾಗಿ ಹಿಡಿಯುತ್ತೆ. ಪ್ಲಂಬಿಂಗ್ ಕೆಲಸದಲ್ಲಿ ಉಳಿದ ತುಂಡುಗಳು, ಹಾಗಾಗಿ ಖರ್ಚು ಮುಚ್ಚಳದ್ದು ಮಾತ್ರ. ಈ ಪೈಪು ಬಂದಮೇಲೆ ಒಡೆದದ್ದು ಒಂದೋ ಎರಡೋ.

ಸೂಜಿಗೆ ಟಾಯ್ಲೆಟ್ ಕ್ಲೀನರಿನ ದಪ್ಪ ಬಾಟಲಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಿ ಟೇಪ್ ಸುತ್ತಿದರೆ ಎದುರಿನ ಕ್ಲಿನಿಕ್ಕಿನ ಡಾಕ್ಟ್ರು ತೆಗೆದುಕೊಂಡು ತಮ್ಮ ಆಸ್ಪತ್ರೆ ಕಸದ ಜೊತೆ ಕಳಿಸುತ್ತಾರೆ. ಮೊದಲು ಅವರೂ ಒಲ್ಲೆ ಅಂದಿದ್ದರು. ನಮ್ಮ ಬ್ಲಾಕಿನ ಸಕ್ಕರೆ ಕಾಯಿಲೆಯವರೆಲ್ಲ ಅವರ ಪೇಷಂಟುಗಳೇ ಅಂತ ನೆನಪಿಸಿದೆ, ಅಷ್ಟೇ.

ಪೇಂಟಿನ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು ಹಿಡಿದಿತ್ತು. ಮಿಕ್ಕ ಎಮಲ್ಷನ್ನನ್ನೆಲ್ಲ, ಅಂದರೆ ನೀರು ಬೆರೆಸುವ ಗೋಡೆ ಬಣ್ಣವನ್ನೆಲ್ಲ, ಹಳೆ ಪಂಚೆಯಲ್ಲಿ ಸೋಸಿ ಒಂದೇ ಬಕೆಟ್ಟಿಗೆ ಸುರಿದೆ. ಬಂದ ಬಣ್ಣಕ್ಕೆ ಹೆಸರಿಲ್ಲ, ಆದರೆ ಪಂಪ್ ರೂಮಿನ ಒಳಗೋಡೆ ಪುಕ್ಕಟೆ ಮುಗಿಯಿತು. ಎನಾಮೆಲ್ ಅಂದರೆ ಎಣ್ಣೆ ಬಣ್ಣ, ಅದನ್ನು ಇದಕ್ಕೆ ಸೇರಿಸಬೇಡಿ, ಮೊಸರು ಒಡೆದ ಹಾಗೆ ಆಗುತ್ತೆ. ಎನಾಮೆಲ್, ಟರ್ಪೆಂಟೈನ್ ಮುಚ್ಚಳ ಭದ್ರವಾಗಿದ್ದ ಡಬ್ಬದಲ್ಲೇ ಗಾಡಿಗೆ ಹೋಗುತ್ತೆ.

ಜನ ಕೊಡುವಂತೆ ಮಾಡಿದ್ದು ಪೋಸ್ಟರ್ ಅಲ್ಲ, ಮನೆಗೆಲಸದವರು. ಪ್ರತಿ ಮನೆಯ ಅಟ್ಟದಲ್ಲಿ ಏನಿದೆ ಅಂತ ಅವರಿಗೆ ಗೊತ್ತು. ಅವರಿಗೆ ಏನು ಕೊಡ್ತೀವಿ ಅನ್ನೋದು ಕಮಿಟಿಯ ಒಳಮಾತು.

ಅರ್ಧ ಉಳಿದ ಸ್ಪ್ರೇ ಡಬ್ಬಗಳದ್ದೇ ಇನ್ನೂ ತಲೆನೋವು. ಬಿಸಿಲಿಗೆ ಬಿಡದೆ ನೆರಳಲ್ಲಿ ಪ್ರತ್ಯೇಕ ಇಟ್ಟಿದ್ದೇವೆ. ಅಂದು ಮೀಟಿಂಗಿನಲ್ಲಿ ನಕ್ಕಿದ್ದವರೊಬ್ಬರು ಈಗ ತಮ್ಮ ಮಗಳ ಅಪಾರ್ಟ್‌ಮೆಂಟನ್ನೂ ಗಾಡಿಗೆ ಸೇರಿಸಿಕೊಳ್ಳಿ ಅಂತಿದ್ದಾರೆ. ಸೇರಿಸಿಕೊಳ್ತೀವಿ, ಮೊದಲು ಅವರ ಬ್ಯಾಟರಿಗಳು ಬರಲಿ.