ಅಜ್ಜಿ ಸೀನುವ ಮೊದಲು

ಸ್ವರ ತಪ್ಪಿ ಹಾಡುವುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ವರ್ಷಗಟ್ಟಲೆ ಕರ್ನಾಟಕ ಸಂಗೀತ ಕಲಿತು, ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸರಳೆ ವರಸೆ, ಜಂಟಿ ವರಸೆ ಹೇಳಿಕೊಡುತ್ತಿದ್ದವಳು ನಾನು. ಗಾಂಧಾರ ಸ್ವರ ಕೂದಲೆಳೆಯಷ್ಟು ಕೆಳಗಿಳಿದರೂ ನನ್ನ ಗುರುಗಳು ಬೈಯುತ್ತಿರಲಿಲ್ಲ. ತಾಳ ಹಾಕುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿಬಿಡುತ್ತಿದ್ದರು. ಅದಕ್ಕಿಂತ ಬೈಗುಳವೇ ಹಿತವಾಗಿರುತ್ತಿತ್ತೇನೋ. ಆಮೇಲೆ ಸಂಗೀತ ಚಿಕಿತ್ಸೆಯ ತರಬೇತಿ ಪಡೆದು, ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಕೇಂದ್ರವೊಂದಕ್ಕೆ ವಾರಕ್ಕೆರಡು ದಿನ ಹೋಗತೊಡಗಿದೆ. ಅಲ್ಲಿ ನನಗೆ ಬೇಕಾದದ್ದು ತಪ್ಪು ಗಾಂಧಾರ.

ಮೊದಲ ಕೆಲವು ತಿಂಗಳು ನಾನೂ ಇಂಪಾದ ಹಾಡುಗಳನ್ನೇ ಹಾಡಿದೆ. ಜೋಗುಳ, ದೇವರನಾಮ, ಮೋಹನ ರಾಗದಲ್ಲಿ ಪುಟ್ಟ ಪುಟ್ಟ ಮಟ್ಟುಗಳು. ಮಕ್ಕಳು ಸುಮ್ಮನೆ ಕುಳಿತಿರುತ್ತಿದ್ದರು, ತಾಯಂದಿರು ಸಂತೋಷಪಡುತ್ತಿದ್ದರು, ಬೇರೇನೂ ಆಗುತ್ತಿರಲಿಲ್ಲ. ಅವರಲ್ಲಿ ಐದು ವರ್ಷದ ಒಬ್ಬ ಹುಡುಗನಿದ್ದ. ಆಟಿಸಂ ಇದ್ದ ಮಗು, ಮಾತಿರಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಾ ಕೂರುತ್ತಿದ್ದ. ನಾನು ಹಾಡಿದರೂ ಅದು ತಿರುಗುತ್ತಿತ್ತು, ನಿಲ್ಲಿಸಿದರೂ ತಿರುಗುತ್ತಿತ್ತು. ಒಂದು ದಿನ ಹಾರ್ಮೋನಿಯಂ ಹೊದಿಕೆಯ ಧೂಳು ಮೂಗಿಗೆ ಹೋಗಿ, ಪಂಚಮದ ಮೇಲೆ ನಿಂತಿದ್ದ ನಾನು ನಿಜವಾಗಿಯೇ ಸೀನಿಬಿಟ್ಟೆ. ಮುಚ್ಚಳ ಟಣ್ಣೆಂದು ಬಿತ್ತು. ಹುಡುಗ ನನ್ನ ಮುಖವನ್ನು ನೋಡಿದ. ಆ ಕೋಣೆಗೆ ಬರಲು ಶುರುಮಾಡಿದಂದಿನಿಂದ ಅದೇ ಮೊದಲು.

ಆ ರಾತ್ರಿ ಅಡುಗೆಮನೆಯಲ್ಲಿ ಕೂತು ಇದನ್ನು ಕಟ್ಟಿದೆ:

ಅಜ್ಜಿಯು ಕೂತಳು ಹಾಡಲಿಕೆ
ನಶ್ಯದ ಡಬ್ಬಿಯು ಸೊಂಟದಲಿ
ಚಿಟಿಕೆಯ ಏರಿಸಿ ಮೂಗಿನಲಿ
ಸರಿಗಪ ಎಂದಳು... ಆ... ಆ...

ಕಾವ್ಯವೆಂದು ಯಾರೂ ಮೆಚ್ಚಲಾರರು. ಹೊರಗೆ ಕಾಯುತ್ತಿದ್ದ ಮುದುಕಿಯೊಬ್ಬರಂತೂ, ‘ನಮ್ಮ ಮನೆಯಲ್ಲಿ ನಶ್ಯ ಏರಿಸುತ್ತಿದ್ದದ್ದು ನಮ್ಮ ಯಜಮಾನರು ಕಣಮ್ಮ, ನಾನಲ್ಲ’ ಎಂದು ಆಕ್ಷೇಪಣೆ ಸಲ್ಲಿಸಿದರು. ಆದರೆ ಈ ಹಾಡಿನ ಜೀವವಿರುವುದು ಪದಗಳಲ್ಲಲ್ಲ, ಆ ‘ಆ...’ ಮತ್ತು ‘ಕ್ಷೀ’ ನಡುವಿನ ಬಿಡುವಿನಲ್ಲಿ. ಮೊದಲ ವಾರ ಎರಡೇ ಅಕ್ಷರಕಾಲ, ಎಂದರೆ ತಾಳದ ಎರಡು ಎಣಿಕೆಯಷ್ಟು, ತಡೆದು ಸೀನಿದೆ. ಆಮೇಲೆ ಆದಿತಾಳದ ಮೊದಲ ಭಾಗವಾದ ಲಘು ಮುಗಿಯುವವರೆಗೆ, ಎಂದರೆ ನಾಲ್ಕು ಎಣಿಕೆ. ತೊಡೆಯ ಮೇಲೆ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಕೆಲವು ವಾರ ಕಳೆದ ಮೇಲೆ ಇಡೀ ಎಂಟು ಅಕ್ಷರದ ಆವರ್ತನ. ಅಷ್ಟು ಹೊತ್ತು ಬಾಯಿ ತೆರೆದು, ಮೂಗು ಅರಳಿಸಿ, ಕಣ್ಣು ಅರೆಮುಚ್ಚಿ ಕೂರುವುದು ಸಂಗೀತ ಶಾಲೆಯಲ್ಲಿ ಕಲಿಸದ ವಿದ್ಯೆ.

ತಾಯಂದಿರು ಮೊಬೈಲಿನಲ್ಲಿ ಕಾರ್ಟೂನ್ ಹಾಡುಗಳನ್ನು ತೋರಿಸಿ, ‘ಮೇಡಂ, ಇದಕ್ಕೂ ನಗುತ್ತಾನೆ, ಇದನ್ನೇ ಹಾಕಿದರೆ ಆಗುವುದಿಲ್ಲವೇ?’ ಎಂದು ಕೇಳುತ್ತಾರೆ. ಆಗುವುದಿಲ್ಲ. ಮೊಬೈಲ್ ಕಾಯುವುದಿಲ್ಲ. ಮಗು ಉಸಿರೆಳೆದುಕೊಂಡಿತೇ, ತುಟಿ ಅಲುಗಿತೇ ಎಂದು ನೋಡಿ ಇನ್ನೊಂದು ಅಕ್ಷರ ತಡೆಯುವುದು ಎದುರಿಗೆ ಕೂತವರಿಂದ ಮಾತ್ರ ಆಗುತ್ತದೆ.

ಇನ್ನೊಂದು ಸಂಗತಿಯನ್ನು ಪೆಟ್ಟು ತಿಂದು ಕಲಿತೆ. ತಪ್ಪು ನಗೆ ತರಿಸಬೇಕಾದರೆ ಸರಿ ಯಾವುದೆಂದು ಮಗುವಿಗೆ ಮೊದಲು ಗೊತ್ತಿರಬೇಕು. ಬೆಕ್ಕು ಮಿಯಾಂವ್ ಎಂದು ಮೂರು ವಾರ ಹಾಡಿದ ಮೇಲೆ ಮಾತ್ರ ಬೆಕ್ಕು ಬೌ ಬೌ ಎಂದರೆ ತಮಾಷೆ. ಅವಸರ ಮಾಡಿ ಎರಡನೆಯ ದಿನವೇ ಬೆಕ್ಕಿನಿಂದ ಬೊಗಳಿಸಿದೆ. ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿದ. ಎಲ್ಲವೂ ಇದ್ದ ಹಾಗೆಯೇ ಇರಬೇಕೆನ್ನುವ ಮಕ್ಕಳಿಗೆ ಹಾಡು ಬದಲಾಗುವುದೆಂದರೆ ಮನೆಯ ಬಾಗಿಲೇ ಜಾಗ ಬದಲಿಸಿದಂತೆ. ಈಗ ನನ್ನ ಬಳಿ ಒಂದು ಕೆಂಪು ಟೋಪಿ ಇದೆ. ತಲೆಗೆ ಏರಿದರೆ ತಪ್ಪು ಹಾಡು ಶುರು, ಕೆಳಗಿಳಿದರೆ ಮುಗಿಯಿತು. ಸಾಕೆನಿಸಿದಾಗ ಆ ಹುಡುಗ ತಾನೇ ಎದ್ದು ಬಂದು ಅದನ್ನು ನನ್ನ ತಲೆಯಿಂದ ಕಿತ್ತುಕೊಳ್ಳುತ್ತಾನೆ. ಸೀನನ್ನೂ ಈಗ ಮೆಲ್ಲಗೆ, ಬೆಕ್ಕಿನಂತೆ ಸೀನಿ ಶುರುಮಾಡುತ್ತೇನೆ. ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಜೈಲೋಫೋನ್ ಕೊಡುವಾಗ ಮಧ್ಯಮ, ನಿಷಾದದ ಪಟ್ಟಿಗಳನ್ನು ತೆಗೆದಿಡುತ್ತೇನೆ. ಉಳಿದ ಐದು ಮೋಹನದವು. ಮಗು ಎಲ್ಲಿ ಬಡಿದರೂ ನನ್ನ ಹಾಡಿಗೆ ಕೂಡಿಕೊಳ್ಳುತ್ತದೆ. ಪೆದ್ದುತನವೆಲ್ಲ ನನ್ನ ಪಾಲಿಗಿರಲಿ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಗುಂಪಿನ ತರಗತಿಗೆ ಮೂರು ಕಾಲಿನ ಮೇಜೊಂದು ಮದುವೆಗೆ ಹೊರಟ ಹಾಡು ಕಟ್ಟಿದ್ದೆ. ಖಂಡಚಾಪು ತಾಳ, ತಕ ತಕಿಟ, ತಕ ತಕಿಟ. ಐದರ ನಡೆಯಲ್ಲಿ ಮೇಜು ಕುಂಟುವುದು ಕಣ್ಣಿಗೆ ಕಟ್ಟುವಂತಿತ್ತು, ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಸೆರೆಬ್ರಲ್ ಪಾಲ್ಸಿ, ಎಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ, ಇದ್ದ ಏಳು ವರ್ಷದ ಹುಡುಗಿಯೊಬ್ಬಳು ಮಾತ್ರ ನಗದೆ, ಲಂಗವನ್ನು ಕೆಳಗೆಳೆದು ಕಾಲಿಗೆ ಆಸರೆಯಾಗಿ ಕಟ್ಟಿದ್ದ ಸ್ಪ್ಲಿಂಟ್ ಮುಚ್ಚಿಕೊಂಡಳು. ನಾನು ಆಗಲೇ ಎರಡನೆಯ ಚರಣದಲ್ಲಿದ್ದೆ. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಮೇಜು ಛತ್ರ ಮುಟ್ಟುವವರೆಗೂ ಹಾಡಿದೆ. ಫಿಸಿಯೋಥೆರಪಿಸ್ಟ್ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನಡಿಗೆಗೆ ಬೇಕಾದದ್ದು ಸಮನಾದ ಪೆಟ್ಟು, ಕುಂಟುವ ಪೆಟ್ಟಲ್ಲ ಎಂದರು. ಜೋರು ನಗು, ಬೆಚ್ಚುವಿಕೆ ಅಂಥ ಮಕ್ಕಳ ಸ್ನಾಯುಗಳನ್ನು ಇನ್ನಷ್ಟು ಬಿಗಿಮಾಡುತ್ತವೆ ಎಂದೂ ಹೇಳಿದರು. ಅದೆಲ್ಲ ಸರಿಯೇ. ನನ್ನನ್ನು ಕೊರೆದದ್ದು ಆ ಲಂಗ. ಹುಡುಗಿ ಮೂರು ವಾರ ನನ್ನ ಕೋಣೆಗೆ ಬರಲಿಲ್ಲ. ಬಂದಾಗ ಹೊಸ ಹಾಡು ಕಾಯುತ್ತಿತ್ತು: ಚಪ್ಪಲಿ ಎಂದುಕೊಂಡು ಎರಡು ಚಪಾತಿ ಮೆಟ್ಟಿ ಪೇಟೆಗೆ ಹೋದ ಸಂಗೀತದ ಮಿಸ್, ನಾಲ್ಕರ ಸಮನಾದ ನಡೆ. ಅವಳು ನಗಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ತಾಳಕ್ಕೆ ಸರಿಯಾಗಿ ನಡೆದು ಬಂದು, ‘ಪಲ್ಯ ಎಲ್ಲಿ ಮಿಸ್?’ ಎಂದಳು.

ನಗುವಿನ ಲೆಕ್ಕ ಇಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಹೆದರಿದರೂ ನಗುವ ಮಕ್ಕಳಿದ್ದಾರೆ. ಕಾರಣವೇ ಇಲ್ಲದೆ, ಪ್ರತಿಸಲವೂ ಒಂದೇ ಬಗೆಯಲ್ಲಿ ಬಂದುಹೋಗುವ ನಗು ಮೂರ್ಛೆರೋಗದ ಸೆಳವಿನ ಒಂದು ರೂಪವಾಗಿರುವುದೂ ಉಂಟು. ಅಂಥ ಅನುಮಾನ ಬಂದರೆ ಹಾಡು ನಿಲ್ಲಿಸಿ ನರರೋಗ ತಜ್ಞರ ಬಳಿಗೆ ಕಳುಹಿಸುತ್ತೇನೆ. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಳ್ಳುವುದು ಬೇರೆ: ಎಷ್ಟು ಅಕ್ಷರ ಕಾದಿತು, ನನ್ನ ಕಡೆ ಎಷ್ಟು ಸಲ ನೋಡಿತು, ಮುಂದಿನದನ್ನು ಹೇಗೆ ಕೇಳಿತು.

‘ಹಾಡಿನಿಂದ ಮಾತು ಬರುತ್ತದೆಯೇ ಮೇಡಂ?’ ಎಂಬ ಪ್ರಶ್ನೆಗೆ ನಾನು ಹೌದೆನ್ನುವುದಿಲ್ಲ. ಒಂಬತ್ತು ದೇಶಗಳ 364 ಆಟಿಸಂ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂತು. ಐದು ತಿಂಗಳ ಸಂಗೀತ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಆಟಿಸಂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿ ಒಂದು ವಾರ ಮಂಕಾಗಿದ್ದೆ. ಆಮೇಲೆ ತಾಯಂದಿರಿಗೂ ಅದನ್ನೇ ಹೇಳತೊಡಗಿದೆ. ಮಾತಿನ ಕೆಲಸ ವಾಕ್ ಚಿಕಿತ್ಸಕರ ಕೋಣೆಯಲ್ಲಿ ನಡೆಯಲಿ. ನನ್ನ ಕೋಣೆಯಲ್ಲಿ ಸೀನು.

ಮುಚ್ಚಳದ ಹುಡುಗ ನಾಲ್ಕನೆಯ ವಾರಕ್ಕೆ ನನ್ನ ಜೊತೆ ಉಸಿರೆಳೆದುಕೊಳ್ಳತೊಡಗಿದ. ಆರನೆಯ ವಾರ, ನಾನು ಬಾಯಿ ತೆರೆದು ಕುಳಿತಿದ್ದಾಗ, ‘ಕ್ಷೀ’ ಎಂದವನು ಅವನು. ಮನೆಯಲ್ಲಿ ತಾತ ಸಂಧ್ಯಾವಂದನೆಗೆ ಮೂಗು ಹಿಡಿದಾಗಲೆಲ್ಲ ಎದುರಿಗೆ ನಿಂತು ‘ಆ...’ ಎನ್ನುತ್ತಾನೆಂದು ಅವನ ತಾಯಿ ನಗುತ್ತಾ ದೂರಿದರು. ಆಮೇಲೆ ನೀರು ಬೇಕಾದರೂ ‘ಆ...’, ಬಾಗಿಲು ತೆರೆಯಬೇಕಾದರೂ ‘ಆ...’. ಆ ಒಂದು ದನಿಯನ್ನು ಹಿಡಿದು ವಾಕ್ ಚಿಕಿತ್ಸಕಿ ತಮ್ಮ ಕೆಲಸ ಶುರುಮಾಡಿದರು.

ಕಳೆದ ಮಂಗಳವಾರ ಅವನು ಬಂದವನೇ ಟೋಪಿ ತಂದು ನನ್ನ ತಲೆಗಿಟ್ಟು, ಎದುರಿಗೆ ಕುಳಿತ. ಅಜ್ಜಿ ಕೂತಳು, ನಶ್ಯ ಏರಿಸಿದಳು, ‘ಆ...’ ಎಂದು ತಾಳ ಹಿಡಿದೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು. ನಡುಬೆರಳನ್ನು ಅವನು ಮುಷ್ಟಿಯಲ್ಲಿ ಹಿಡಿದುಕೊಂಡ. ತಾಳ ನಿಂತಿತು. ನಾನು ಬಾಯಿ ತೆರೆದೇ ಕುಳಿತೆ. ಅವನು ನನ್ನ ಮೂಗನ್ನೇ ನೋಡುತ್ತಿದ್ದ, ಬೆರಳು ಬಿಡಲಿಲ್ಲ.